ನಾನೇ ನಾನೆಂದು ಹೇಳುವವರು ಯಾರು?

ಹುಟ್ಟಿದ ಊರು ಯಾವುದೆಂಬ ಪ್ರಶ್ನೆಗೆ ತಪ್ಪು ಉತ್ತರ ಕೊಡುವ ಮನುಷ್ಯನಿರಲಾರನೆಂದು ನಾನು ಭಾವಿಸಿದ್ದೆ. ಕಳೆದ ಎರಡು ತಿಂಗಳಲ್ಲಿ ಆ ಒಂದೇ ಪ್ರಶ್ನೆಗೆ ನಾನು ಹನ್ನೆರಡು ಸಲ ತಪ್ಪು ಉತ್ತರ ಕೊಟ್ಟಿದ್ದೇನೆ.

ಕೇಳುತ್ತಿರುವುದು ನನ್ನ ಹಳೆಯ ಇ-ಮೇಲ್ ಖಾತೆ. 2001ರಲ್ಲಿ ರಾಯಚೂರಿನ ಸೈಬರ್ ಕೆಫೆಯೊಂದರಲ್ಲಿ, ಗಂಟೆಯ ಲೆಕ್ಕದಲ್ಲಿ ಹಣ ತೆತ್ತು, ಅದನ್ನು ತೆರೆದಿದ್ದೆ. ಗುರುಮಠದಲ್ಲಿ ನನ್ನ ಪಕ್ಕದ ಮಂಚದವನಾಗಿದ್ದ ಗೆಳೆಯ ಆಫ್ರಿಕಾಕ್ಕೆ ಮಿಷನ್ ಸೇವೆಗೆಂದು ಹೋದ ಮೇಲೆ ಬರೆದ ಪತ್ರಗಳೆಲ್ಲ ಅಲ್ಲಿವೆ. 2009ರಲ್ಲಿ ಅವನು ತೀರಿಕೊಂಡನು. ಮಾನ್ವಿಯಲ್ಲಿರುವ ಅವನ ತಂಗಿ ಈ ವರ್ಷ ಭೇಟಿಯಾದಾಗ, "ಅಣ್ಣ ಏನೇನು ಬರೀತಿದ್ದ ಫಾದರ್, ಒಮ್ಮೆ ಓದಬೇಕಿತ್ತು" ಎಂದಳು. "ತಂದು ಕೊಡುತ್ತೇನಮ್ಮಾ" ಎಂದು ನಾನು ಹಗುರವಾಗಿ ಮಾತು ಕೊಟ್ಟುಬಿಟ್ಟೆ.

ಪಾಸ್‌ವರ್ಡ್ ಮರೆತಿದೆ. ಮೊಬೈಲಿಗೆ ಓಟಿಪಿ ಕಳುಹಿಸುವೆನೆಂದು ಯಂತ್ರ ಹೇಳುತ್ತದೆ. ಆ ನಂಬರನ್ನು ನಾನು ಬಿಟ್ಟು ಹತ್ತು ವರ್ಷಗಳಾದವು. ನಮ್ಮ ದೇಶದಲ್ಲಿ ಬಳಕೆ ನಿಂತ ನಂಬರನ್ನು ಕನಿಷ್ಠ 90 ದಿನಗಳ ತರುವಾಯ ಬೇರೊಬ್ಬರಿಗೆ ಕೊಡಬಹುದಾದ್ದರಿಂದ, ನನ್ನ ಬೀಗದ ಕೈ ಈಗ ಯಾರ ಜೇಬಿನಲ್ಲಿದೆಯೋ! ಇನ್ನುಳಿದದ್ದು ಹುಟ್ಟೂರಿನ ಪ್ರಶ್ನೆ. ಉತ್ತರ ದೇವದುರ್ಗ, ಸಂದೇಹವಿಲ್ಲ. ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ ಅಂದು ಹೇಗೆ ಬರೆದೆ? ಹಳೆಯ ಕಾಗದಪತ್ರಗಳಲ್ಲಿ ಕಾಣುವ 'ದಿಯೋದುರ್ಗ್' ಎಂಬಂತೆಯೋ, ಇಂದಿನಂತೆಯೋ? ಕೊನೆಯಲ್ಲಿ 'ಎ' ಇತ್ತೋ ಇಲ್ಲವೋ? ಮೂರು ಸಲ ತಪ್ಪಿದರೆ ಒಂದು ದಿನ ಬಾಗಿಲು ಬಂದ್.

ಹಳೆಯ ಒಡಂಬಡಿಕೆಯ ನ್ಯಾಯಸ್ಥಾಪಕರ ಗ್ರಂಥದಲ್ಲಿ ಇಂಥದೇ ಒಂದು ಬಾಗಿಲಿದೆ. ಗಿಲ್ಯಾದಿನವರು ಜೋರ್ಡನ್ ನದಿಯ ಹಾಯ್ಗಡಗಳನ್ನು ಹಿಡಿದು, ದಾಟಬಂದವರಿಂದ 'ಷಿಬ್ಬೋಲೆತ್' ಎಂದು ನುಡಿಸುತ್ತಿದ್ದರು. ಧಾನ್ಯದ ತೆನೆ ಎಂಬ ಅರ್ಥದ ಸಾಧಾರಣ ಮಾತದು. ಎಫ್ರಯೀಮಿನವರ ನಾಲಗೆಗೆ 'ಸಿಬ್ಬೋಲೆತ್' ಎಂದಷ್ಟೇ ಬರುತ್ತಿತ್ತು. ಆ ಯುದ್ಧದಲ್ಲಿ ಎಫ್ರಯೀಮಿನವರು 42,000 ಮಂದಿ ಮಡಿದರೆಂದು ಗ್ರಂಥ ಹೇಳುತ್ತದೆ. ಒಂದು ಅಕ್ಷರದ ವ್ಯತ್ಯಾಸಕ್ಕೆ ಅವರು ಪ್ರಾಣ ಕಳೆದುಕೊಂಡರು. ನಾನು ಕಳೆದುಕೊಂಡದ್ದು ಒಂದು ದಿನ ಮಾತ್ರ. ಗೊಣಗಬಾರದು.

ವಾಸ್ತವವಾಗಿ ಯಂತ್ರಕ್ಕೆ ನನ್ನ ಮೇಲೆ ಹಗೆಯಿಲ್ಲ. ನನ್ನ ಹೆಸರು ಹೇಳಿಕೊಂಡು ಬರುವ ಕಳ್ಳನಿಂದ ಅದು ನನ್ನನ್ನೇ ಕಾಯುತ್ತಿದೆ. 2013ರಲ್ಲಿ ಯಾಹೂ ಸಂಸ್ಥೆಯ ಸುಮಾರು 300 ಕೋಟಿ ಖಾತೆಗಳ ಮಾಹಿತಿ ಕಳುವಾದಾಗ ಇಂಥ ಪ್ರಶ್ನೋತ್ತರಗಳೂ ಅದರಲ್ಲಿದ್ದವು. ನನ್ನ ಹುಟ್ಟೂರಂತೂ ಗುಟ್ಟೇ ಅಲ್ಲ. ನಮ್ಮ ಓಣಿಯ ಮಕ್ಕಳೂ ಬಲ್ಲರು. ನನ್ನನ್ನು ತಡೆದು ನಿಲ್ಲಿಸಿದ ವಿಚಾರವೂ ಇದೇ. ಊರಿನಲ್ಲಿ ನಾನು ಇಂಥವನೆಂಬುದಕ್ಕೆ ಪುರಾವೆ ಎಲ್ಲರೂ ನನ್ನನ್ನು ಬಲ್ಲರೆಂಬುದು. ಯಂತ್ರದ ಮುಂದೆ ಪುರಾವೆಯಾಗುವುದು ಬೇರೆ ಯಾರೂ ಅರಿಯದ ಸಂಗತಿ ಮಾತ್ರ. ಅಲ್ಲಿ ನನ್ನ ಪರವಾಗಿ ಸಾಕ್ಷಿ ನುಡಿಯಲು ನನ್ನ ಸ್ವಂತ ನೆನಪಿನ ಹೊರತು ಮತ್ತೊಬ್ಬರಿಲ್ಲ. ಐವತ್ತು ದಾಟಿದವನ ನೆನಪು ಎಂಥ ಸಾಕ್ಷಿ!

ಯಂತ್ರವನ್ನು ಹೀಗೆ ದೂರುತ್ತಿದ್ದಾಗ ನನಗೆ ಒಬ್ಬ ಯುವಕ ನೆನಪಾದ. ಅವನ ಮನೆಯವರು ಬರಗಾಲದಲ್ಲಿ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸ ಹಿಡಿದಿದ್ದವರು. ಮದುವೆಗಾಗಿ ಜ್ಞಾನಸ್ನಾನದ ಪತ್ರ ಬೇಕೆಂದು, ರಾತ್ರಿಯಿಡೀ ಬಸ್ಸಿನಲ್ಲಿ ನಿಂತು ಬಂದಿದ್ದ. ನಮ್ಮ ದಾಖಲೆ ಪುಸ್ತಕದ ಆ ಪುಟಗಳನ್ನು ಗೆದ್ದಲು ತಿಂದಿತ್ತು. ಬೇರೆ ಕಾಗದ ತರುವಂತೆ ಹೇಳಿ ನಾನು ಅವನನ್ನು ಎರಡು ಸಲ ಹಿಂದಕ್ಕೆ ಕಳುಹಿಸಿದೆ. ಮೂರನೆಯ ಸಲ ಅವನ ಜೊತೆ ಒಬ್ಬ ಮುದುಕಿ ಬಂದಳು. "ಇವನ್ನ ಎತ್ತಿಕೊಂಡು ನಿಂತಾಕಿ ನಾನೇ ಫಾದರ್. ನೀರು ಹಾಕಿದ ಕೂಡಲೇ ಚೀರಿಬಿಟ್ಟ" ಎಂದಳು.

ಧರ್ಮಸಭೆಯ ಕಾನೂನು ಸಂಹಿತೆಯ 876ನೆಯ ವಿಧಿ ನನಗೆ ಗುರುಮಠದಿಂದಲೇ ಗೊತ್ತಿತ್ತು. ಬೇರಾರಿಗೂ ಅದರಿಂದ ಬಾಧಕವಿಲ್ಲದಿದ್ದರೆ, ಜ್ಞಾನಸ್ನಾನ ಆಗಿದೆಯೆಂಬುದಕ್ಕೆ ಸಂದೇಹಕ್ಕೆಡೆಯಿಲ್ಲದ ಒಬ್ಬ ಸಾಕ್ಷಿಯ ಮಾತು ಸಾಕು. ಮೊದಲ ದಿನವೇ ನಾನು "ನಿನ್ನನ್ನು ಬಲ್ಲವರು ಯಾರಾದರೂ ಇದ್ದಾರೆಯೇ?" ಎಂದು ಕೇಳಬಹುದಿತ್ತು. ಕೇಳಲಿಲ್ಲ. ಯಂತ್ರಕ್ಕೆ ಕೇಳಲು ಬಾರದು. ನನಗೆ ಬರುತ್ತಿತ್ತು.

ಈಚೆಗೆ ಯಂತ್ರಗಳೂ ಸಾಕ್ಷಿಯನ್ನು ಒಪ್ಪತೊಡಗಿವೆ. 2021ರಲ್ಲಿ ಆಪಲ್ ಸಂಸ್ಥೆ, 2025ರಲ್ಲಿ ಗೂಗಲ್, ನಂಬಿಕೆಯ ಒಬ್ಬರನ್ನು ಮುಂಚಿತವಾಗಿ ಹೆಸರಿಸಿಡುವ ಅವಕಾಶ ಕಲ್ಪಿಸಿದವು. ನಾವು ಹೊರಗುಳಿದಾಗ ಮತ್ತೆ ಒಳಹೋಗಲು ಅವರು ನೆರವಾಗಬಲ್ಲರು. ನನ್ನ ಹೊಸ ಖಾತೆಗೆ ನನ್ನ ತಮ್ಮನನ್ನು ಹೆಸರಿಸಿದ್ದೇನೆ. ಹಳೆಯದಕ್ಕೆ ಅಂಥ ಸೌಲಭ್ಯವಿಲ್ಲ.

ಮಾನ್ವಿಗೆ ಫೋನ್ ಮಾಡಿ ಆ ತಂಗಿಗೆ ಇದ್ದದ್ದನ್ನು ಇದ್ದಹಾಗೆ ತಿಳಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಕಾಗದ ಸಿಗದಿದ್ದರೆ ಇರಲಿ ಫಾದರ್, ನಿಮಗೆ ನೆನಪಿದ್ದಷ್ಟು ಬಂದು ಹೇಳ್ರಿ" ಎಂದಳು. ಭಾನುವಾರದ ಎರಡನೆಯ ಪೂಜೆಯಾದ ಮೇಲೆ ಹೊರಡಬೇಕೆಂದಿದ್ದೇನೆ. ಅಷ್ಟರೊಳಗೆ ಒಮ್ಮೆ, ಕೊನೆಯ 'ಎ' ತೆಗೆದು, ಎಲ್ಲ ಸಣ್ಣ ಅಕ್ಷರಗಳಲ್ಲಿ ಬರೆದು ನೋಡುವುದಿದೆ.