ಬಿದ್ದ ಮಂಟಪ ಮತ್ತು ಗಾರ್ಗಿಯ ಪ್ರಶ್ನೆ

ದೇವರ ಪಟ ಗೋಡೆಯಿಂದ ಬಿದ್ದರೆ ಅದು ಅಪಶಕುನವೋ, ಬರಿಯ ಮೊಳೆಯ ದೋಷವೋ? ಪಾರ್ಟಿಶನ್ ಮತ್ತು ಫಾಲ್ಸ್ ಸೀಲಿಂಗ್ ಕೆಲಸ ಮಾಡಿಸುವ ನನ್ನನ್ನು ಹಲವು ಮನೆಗಳಲ್ಲಿ ಈ ಪ್ರಶ್ನೆ ಕೇಳಿದ್ದಾರೆ. ಮೊಳೆಯ ದೋಷ ಎಂದರೆ ಕೇಳಿದವರ ಮುಖ ಬಾಡುತ್ತದೆ. ಅಪಶಕುನ ಎನ್ನಲು ನನಗೆ ಬಾಯಿ ಬರುವುದಿಲ್ಲ. ಎರಡೂ ಅಲ್ಲದ ಉತ್ತರವೊಂದಿದೆ ಎಂದು ಈಗ ನಂಬಿದ್ದೇನೆ. ಅದು ತಿಳಿದದ್ದು ಕಾಶಿಯ ಸೋನಾರ್‌ಪುರದಲ್ಲಿ.

ಗೊದೌಲಿಯಾದಿಂದ ದಕ್ಷಿಣಕ್ಕೆ ಜಂಗಮವಾಡಿ, ಮದನ್‌ಪುರ ದಾಟಿ ಅಸ್ಸಿಯ ಕಡೆಗೆ ಹೋಗುವ ರಸ್ತೆಯಲ್ಲಿದೆ ಸೋನಾರ್‌ಪುರ. ಕೇದಾರ ಘಾಟ್, ಹರಿಶ್ಚಂದ್ರ ಘಾಟ್ ಎರಡಕ್ಕೂ ನಡೆದೇ ಹೋಗಬಹುದು. ಜಂಗಮವಾಡಿ ಮಠಕ್ಕೆ ಬರುವ ನಮ್ಮ ಉತ್ತರ ಕರ್ನಾಟಕದ ಯಾತ್ರಿಕರ ಮಾತು ಈ ಬೀದಿಯಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಬಾಗಲಕೋಟೆ ಕಡೆಯ ಕುಟುಂಬವೊಂದು ಇಲ್ಲಿ ಹಳೆಯ ಮನೆಯ ಮೇಲಂತಸ್ತನ್ನು ಕೋಣೆಗಳಾಗಿ ಮಾಡಿಸಿ ಯಾತ್ರಿಕರಿಗೆ ಕೊಡುತ್ತದೆ. ಹೊರಗೋಡೆ ಲಖೌರಿ ಇಟ್ಟಿಗೆ ಮತ್ತು ಚುನಾರ್ ಕಲ್ಲಿನದು. ಎಷ್ಟು ಭಾರವನ್ನಾದರೂ ತಡೆಯುತ್ತದೆ. ಒಳಗಿನ ನೆಲ ಮರದ ತೊಲೆಗಳ ಮೇಲೆ ನಿಂತಿದೆ. ಅಲ್ಲಿ ಇಟ್ಟಿಗೆಯ ಅಡ್ಡಗೋಡೆ ಏರಿಸಿದರೆ ತೊಲೆ ಬಾಗುತ್ತದೆ. ಜಿಪ್ಸಮ್ ಬೋರ್ಡಿನ ಗೋಡೆಯ ತೂಕ ಅದರ ಹತ್ತರಲ್ಲೊಂದು ಪಾಲಿನ ಆಸುಪಾಸು. ಆದ್ದರಿಂದ ಕೋಣೆಗಳ ನಡುವೆ ಅದನ್ನೇ ಹಾಕಿಸಿದ್ದರು.

ಅಂಥ ಒಂದು ಗೋಡೆಯ ಮೇಲೆ ಮನೆಯ ದೇವರ ಜಗಲಿ ಇತ್ತು. ಸಾಗುವಾನಿಯ ಪುಟ್ಟ ಮಂಟಪ, ಒಳಗೆ ಪಟಗಳು, ಹಿತ್ತಾಳೆಯ ಸಾಮಾನು, ಬಾಗಿಲಿಗೆ ಗಂಟೆ. ಶ್ರಾವಣದಲ್ಲಿ ಒಂದು ರಾತ್ರಿ ಅದು ಕಳಚಿ ಬಿತ್ತು. ನಾನು ಹೋದಾಗ ಮನೆಯ ಹಿರಿಯಕ್ಕ ಗಾಜಿನ ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿಟ್ಟಿದ್ದರು. "ತಮ್ಮಾ, ಗ್ವಾಡಿ ಬಿದ್ದಿಲ್ಲ, ಮಗ್ಗಲದಾಗಿನ ಕ್ಯಾಲೆಂಡರ್ ಬಿದ್ದಿಲ್ಲ. ದೇವರಷ್ಟ ಬಿದ್ದಾನ. ಏನಿದರ ಅರ್ಥ, ಹೇಳು" ಎಂದರು. ಅವರ ಎದೆಯ ಮೇಲೆ ಇಷ್ಟಲಿಂಗವಿದೆ. ಪೂಜೆಯ ಹೊತ್ತಿಗೆ ಎಡಗೈಯ ಅಂಗೈಯೇ ಅದಕ್ಕೆ ಪೀಠ. ಅದಕ್ಕೆ ಮೊಳೆ ಬೇಡ, ಗೋಡೆ ಬೇಡ. ಆದರೂ ಅತ್ತೆಯ ಕಾಲದ ಪಟಗಳು ನೆಲಕ್ಕೆ ಬಿದ್ದದ್ದು ಅವರನ್ನು ನಡುಗಿಸಿತ್ತು. ಆ ನಡುಕವನ್ನು ಮೂಢನಂಬಿಕೆ ಎಂದು ತಳ್ಳುವವರ ಜೊತೆ ನಾನಿಲ್ಲ. ದಿನಾ ಕೈಮುಗಿದ ವಸ್ತು ಬಿದ್ದು ಒಡೆದಾಗ ಮನಸ್ಸು ಕಲಕದಿದ್ದರೆ, ಆ ಕೈಮುಗಿದದ್ದಕ್ಕೂ ಅರ್ಥವಿರುವುದಿಲ್ಲ.

ಕಾರಣವೇನೋ ಗೋಡೆಯಲ್ಲೇ ಕಾಣುತ್ತಿತ್ತು. ಹಿಂದೆ ಕೆಲಸ ಮಾಡಿದವರು ಇಟ್ಟಿಗೆ ಗೋಡೆಗೆ ಹಾಕುವ ಪ್ಲಾಸ್ಟಿಕ್ ಪ್ಲಗ್ಗನ್ನೇ ಬೋರ್ಡಿಗೆ ತುರುಕಿದ್ದರು. ಕಾಶಿಯ ಮಿಸ್ತ್ರಿಗಳು ಅದನ್ನು ಗಿಟ್ಟಿ ಎನ್ನುತ್ತಾರೆ. ಇಟ್ಟಿಗೆಯಲ್ಲಿ ಸ್ಕ್ರೂ ಒಳಹೋದಂತೆ ಗಿಟ್ಟಿ ಉಬ್ಬುತ್ತದೆ, ಸುತ್ತಲಿನ ಗಟ್ಟಿಯನ್ನು ಒತ್ತುತ್ತದೆ, ಆ ಒತ್ತಡವೇ ಹಿಡಿತ. ಜಿಪ್ಸಮ್ ಬೋರ್ಡು ಹನ್ನೆರಡೂವರೆ ಮಿಲಿಮೀಟರ್ ದಪ್ಪದ ಸುಣ್ಣದಂಥ ಹಲಗೆ, ಎರಡೂ ಕಡೆ ಕಾಗದ. ಹಿಂದೆ ಬರೀ ಟೊಳ್ಳು. ಒತ್ತಿದರೆ ಎದುರು ಒತ್ತಲು ಅಲ್ಲಿ ಏನೂ ಇಲ್ಲ, ಒತ್ತಿದಷ್ಟೂ ಪುಡಿಯಾಗುತ್ತದೆ. ಪಟವಾದರೆ ತೂಕ ಹೆಚ್ಚುಕಡಿಮೆ ನೇರ ಕೆಳಕ್ಕೆ ಎಳೆಯುತ್ತದೆ, ಹೇಗೋ ನಿಂತೀತು. ಮಂಟಪ ಗೋಡೆಯಿಂದ ಮುಂದಕ್ಕೆ ಚಾಚಿರುತ್ತದೆ. ಅದರ ಕೆಳತುದಿ ಗೋಡೆಯನ್ನು ಒತ್ತಿ, ಮೇಲಿನ ಸ್ಕ್ರೂವನ್ನು ಹೊರಕ್ಕೆ ಕೀಳುತ್ತಿರುತ್ತದೆ. ದಿನಾ ಬಾಗಿಲು ತೆಗೆದು ಹಾಕುವ ಕೈ, ಗಂಟೆಯ ಅದುರು, ಒದ್ದೆ ಹೂವಿನಿಂದ ಇಳಿದ ನೀರು, ಮಳೆಗಾಲದ ತೇವ. ನೀರು ಕುಡಿದ ಜಿಪ್ಸಮ್ಮಿಗೆ ಬಲವಿಲ್ಲ.

ಇಷ್ಟು ಹೇಳಿದರೂ ಅಕ್ಕನ ಪ್ರಶ್ನೆ ತೀರಲಿಲ್ಲ. "ಹಂಗಾದ್ರ ಇಷ್ಟು ದಿವಸ ಯಾಕ ಬೀಳಲಿಲ್ಲ? ಅವತ್ತ ಯಾಕ?" ಎಂದರು. ಇದು ಒಳ್ಳೆಯ ಪ್ರಶ್ನೆ, ಮತ್ತು ಹಳೆಯದು. ವೈಶೇಷಿಕ ದರ್ಶನದಲ್ಲಿ ಕಣಾದರು ಬೀಳುವಿಕೆಯನ್ನೇ ವಿಚಾರಿಸಿದ್ದಾರೆ. ಹಿಡಿದಿರುವ ಸಂಯೋಗ ಇಲ್ಲವಾದಾಗ ವಸ್ತು ತನ್ನ ಗುರುತ್ವದಿಂದ ಬೀಳುತ್ತದೆ ಎಂಬುದು ಅವರ ನಿರ್ಣಯ. ನನಗೆ ಇದು ದೊಡ್ಡ ಬೆಳಕಾಗಿ ಕಂಡಿತು. ಆ ರಾತ್ರಿ ಹೊಸ ಶಕ್ತಿಯೊಂದು ಬಂದು ಮಂಟಪವನ್ನು ಕೆಡವಲಿಲ್ಲ. ತೂಗುಹಾಕಿದ ಕ್ಷಣದಿಂದಲೂ ಅದು ಕೆಳಕ್ಕೆ ಜಗ್ಗುತ್ತಲೇ ಇತ್ತು. ಪ್ರತಿ ಗಳಿಗೆಯೂ ಏನೋ ಒಂದು ಅದನ್ನು ತಡೆದಿತ್ತು. ಆ ರಾತ್ರಿ ತಡೆಯುವುದು ಮುಗಿಯಿತು. ಹಾಗಾದರೆ "ಯಾಕೆ ಬಿತ್ತು" ಎಂಬುದಕ್ಕಿಂತ "ಇಷ್ಟು ದಿನ ಯಾವುದು ಹಿಡಿದಿತ್ತು" ಎಂಬುದು ಹೆಚ್ಚು ಆಳದ ಪ್ರಶ್ನೆ. ಬಿದ್ದದ್ದನ್ನು ಕಂಡು ಬೆಚ್ಚುವ ನಾವು ನಿಂತದ್ದನ್ನು ಕಂಡು ಒಮ್ಮೆಯೂ ಬೆರಗಾಗಿರುವುದಿಲ್ಲ.

ಯಾವುದು ಹಿಡಿದಿದೆ ಎಂದು ಕೇಳಿದವಳು ಗಾರ್ಗಿ. ಬೃಹದಾರಣ್ಯಕ ಉಪನಿಷತ್ತಿನ ಮೂರನೆಯ ಅಧ್ಯಾಯದಲ್ಲಿ, ಜನಕನ ಸಭೆಯಲ್ಲಿ, ಅವಳು ಯಾಜ್ಞವಲ್ಕ್ಯನನ್ನು ಬಿಡದೆ ಕೇಳುತ್ತಾಳೆ: ಇದೆಲ್ಲ ನೀರಿನಲ್ಲಿ ಹೆಣೆದಿದ್ದರೆ ನೀರು ಯಾವುದರಲ್ಲಿ, ಗಾಳಿ ಯಾವುದರಲ್ಲಿ, ಆಮೇಲೆ ಯಾವುದರಲ್ಲಿ. ಕೊನೆಗೆ ಆತ ಇನ್ನು ಕೇಳಬೇಡ, ತಲೆ ಉರುಳೀತು ಎನ್ನುತ್ತಾನೆ. ಅವಳು ಸುಮ್ಮನಾಗುತ್ತಾಳೆ, ಆದರೆ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಎದ್ದು ಕೇಳುತ್ತಾಳೆ. ಆಗಲೇ ಉತ್ತರ ಸಿಗುವುದು: ಸೂರ್ಯಚಂದ್ರರನ್ನೂ ಭೂಮ್ಯಾಕಾಶಗಳನ್ನೂ ಅವುಗಳ ನೆಲೆಯಲ್ಲಿ ಹಿಡಿದಿಟ್ಟಿರುವ ಅಕ್ಷರ ತತ್ತ್ವ. ಎರಡನೆಯ ಬಾರಿ ಎದ್ದ ಧೈರ್ಯಕ್ಕಾಗಿ ನಾನು ಅವಳಿಗೆ ನಮಸ್ಕರಿಸುತ್ತೇನೆ. ಕೇಳಿದರೆ ಶ್ರದ್ಧೆ ಕೆಡುತ್ತದೆ ಎನ್ನುವವರು ಆ ಭಾಗವನ್ನು ಓದಬೇಕು.

ನನ್ನ ಕೆಲಸದಲ್ಲಿ ಗಾರ್ಗಿಯಂತೆ ಕೇಳುತ್ತ ಹೋಗದೆ ಗತಿಯಿಲ್ಲ. ಮಂಟಪ ಸ್ಕ್ರೂವಿನ ಮೇಲೆ, ಸ್ಕ್ರೂ ಬೋರ್ಡಿನಲ್ಲಿ, ಬೋರ್ಡು ಒಳಗಿನ ತಗಡಿನ ನಿಲುಗಂಬ, ಅಂದರೆ ಸ್ಟಡ್ ಮೇಲೆ, ಸ್ಟಡ್ಡು ನೆಲದ ಚಾನೆಲ್ಲಿನಲ್ಲಿ, ಚಾನೆಲ್ಲು ತೊಲೆಯ ಮೇಲೆ, ತೊಲೆ ಚುನಾರ್ ಕಲ್ಲಿನ ಮೇಲೆ. ಈ ಸಾಲಿನಲ್ಲಿ ಎಲ್ಲಿ ಕೇಳುವುದನ್ನು ನಿಲ್ಲಿಸುತ್ತೇವೋ ಅಲ್ಲೇ ಕಳಚುತ್ತದೆ. ಸ್ಟಡ್ಡುಗಳು ಸಾಮಾನ್ಯವಾಗಿ ಎರಡು ಅಡಿಗೊಂದು ಇರುತ್ತವೆ; ಅಯಸ್ಕಾಂತ ಹಿಡಿದು ಗೋಡೆಯ ಮೇಲೆ ಸರಿಸಿದರೆ ಸ್ಕ್ರೂ ತಲೆಗಳ ಮೇಲೆ ಅಂಟಿ ಜಾಗ ತೋರಿಸುತ್ತದೆ. ಹಗುರ ವಸ್ತುವಾದರೆ, ತೂತಿನಲ್ಲಿ ಹೊಕ್ಕು ಹಿಂದೆ ರೆಕ್ಕೆ ಬಿಚ್ಚುವ ಟಾಗಲ್ ಬೋಲ್ಟ್ ಸಾಕು. ಅದು ತೂತಿನ ಅಂಚನ್ನು ಒತ್ತುವುದಿಲ್ಲ, ಬೆನ್ನ ಹಿಂದೆ ಅಗಲವಾಗಿ ಹರಡಿಕೊಂಡು ಭಾರವನ್ನು ಹಂಚಿಕೊಳ್ಳುತ್ತದೆ. ಪ್ಯಾಕೆಟ್ಟಿನ ಮೇಲಿರುವುದು ಮುರಿಯುವ ತೂಕವಾದರೆ ಅದರ ಕಾಲು ಭಾಗವನ್ನಷ್ಟೇ ನಂಬುವುದು ನಮ್ಮಲ್ಲಿ ಪದ್ಧತಿ. ದೇವರ ಮಂಟಪಕ್ಕೆ ನಾನು ಅದನ್ನೂ ಒಪ್ಪಲಿಲ್ಲ. ಬೋರ್ಡು ಕತ್ತರಿಸಿ ತೆಗೆಸಿ, ಎರಡು ಸ್ಟಡ್ಡುಗಳಿಗೆ ಸೇರಿಸಿ ಹದಿನೆಂಟು ಮಿಲಿಮೀಟರ್ ಪ್ಲೈವುಡ್ ಕೂರಿಸಿ, ಮತ್ತೆ ಮುಚ್ಚಿಸಿ, ಮಂಟಪದ ಸ್ಕ್ರೂಗಳು ಆ ಮರದಲ್ಲಿ ಕಚ್ಚುವಂತೆ ಮಾಡಿಸಿದೆ. ನೀರಿನ ಪೂಜೆಯೂ ದೀಪವೂ ಗೋಡೆಯಿಂದ ದೂರ, ಕೆಳಗೆ ಮಣೆಯ ಮೇಲೆ ಇರಲಿ ಎಂದೆ. ಬಿಸಿ ಸತತವಾಗಿ ತಾಕಿದರೂ ಜಿಪ್ಸಮ್ ತನ್ನೊಳಗಿನ ನೀರು ಕಳೆದುಕೊಂಡು ಸಡಿಲವಾಗುತ್ತದೆ.

ಅಪಶಕುನದ ಮಾತಿಗೆ ನನಗೆ ದಾರಿ ತೋರಿಸಿದ್ದು ನಮ್ಮೂರಿನ ಪದ್ಧತಿ. ನಾನು ಪುತ್ತೂರು ಕಡೆಯವನು. ನಮ್ಮ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ದೇವಸ್ಥಾನಗಳಲ್ಲಿ ಅಷ್ಟಬಂಧ ಬ್ರಹ್ಮಕಲಶೋತ್ಸವ ಆಗುತ್ತದೆ. ಬಿಂಬವನ್ನು ಪೀಠಕ್ಕೆ ಹಿಡಿದಿಡುವ ಅಂಟು ಅಷ್ಟಬಂಧ. ಶಂಖದ ಪುಡಿ, ಅಳಲೆಕಾಯಿ, ರಾಳ, ಅರಗು, ಹೊಳೆಯ ಮರಳು, ಹತ್ತಿ ಮೊದಲಾದ ಎಂಟನ್ನು ಸೇರಿಸಿ, ದಿನಗಟ್ಟಲೆ ಕುಟ್ಟಿ ಹದ ಮಾಡುತ್ತಾರೆ. ಬಿಂಬಕ್ಕೂ ಪೀಠಕ್ಕೂ ನಡುವಿನ ಸಂದಿನಲ್ಲಿ ಟೊಳ್ಳು ಉಳಿಯದಂತೆ ಅದನ್ನು ತುಂಬುತ್ತಾರೆ. ಎಲ್ಲೆಲ್ಲೂ ಇರುವವನಿಗೆ ಅಂಟು ಯಾಕೆ ಎಂದು ಬಾಲ್ಯದಲ್ಲಿ ತಂದೆಯನ್ನು ಕೇಳಿದ್ದೆ. "ಅವನಿಗೆ ಬೇಡ ಮಗಾ, ಕಲ್ಲಿಗೆ ಬೇಕು. ಕಲ್ಲನ್ನು ನೋಡಿಕೊಳ್ಳುವ ಕೆಲಸ ನಮಗೆ ಬಿಟ್ಟದ್ದು" ಎಂದಿದ್ದರು.

ಬಿಂಬ ಅಲುಗಿದರೆ ದೋಷ ಎಂದೇ ಆಗಮ ಹೇಳುತ್ತದೆ, ನಿಜ. ಆದರೆ ಹೆದರಿ ಕೂರು ಎನ್ನುವುದಿಲ್ಲ. ಸಾನ್ನಿಧ್ಯವನ್ನು ಕಲಶಕ್ಕೆ ಇಳಿಸು, ಹಳೆಯ ಬಂಧವನ್ನು ತೆಗೆ, ಹೊಸದು ಹಾಕು, ಮತ್ತೆ ಅಭಿಷೇಕ ಮಾಡು ಎಂದು ಕ್ರಮ ಹೇಳುತ್ತದೆ. ಅಲುಗುವುದಕ್ಕೆ ಮೊದಲೇ ಹನ್ನೆರಡು ವರ್ಷದ ಗಡುವನ್ನೂ ಇಟ್ಟುಕೊಂಡಿದ್ದೇವೆ. ಅಂದರೆ ಯಾವ ಹಿಡಿತವೂ ಸವೆಯುತ್ತದೆ ಎಂಬುದನ್ನು ನಮ್ಮ ಹಿರಿಯರು ಮುನ್ನವೇ ಒಪ್ಪಿಕೊಂಡರು, ಸವೆದದ್ದನ್ನು ಹೊಸದು ಮಾಡುವುದನ್ನೇ ಪೂಜೆಯ ಭಾಗವಾಗಿಸಿದರು. ಗರ್ಭಗುಡಿಯ ಕಲ್ಲಿಗೇ ಇಷ್ಟು ಎಚ್ಚರ ಬೇಕಾದರೆ, ಟೊಳ್ಳು ಗೋಡೆಯ ಮೇಲಿನ ಸಾಗುವಾನಿ ಮಂಟಪಕ್ಕೆ ಬೇಡವೇ?

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ವರ್ಷಕ್ಕೊಮ್ಮೆ ಶಿವರಾತ್ರಿಗೆ ಮುಂಚೆ ಮಂಟಪವನ್ನು ಮೆಲ್ಲನೆ ಜಗ್ಗಿ ನೋಡಿ, ಸಡಿಲವಾದ ಸ್ಕ್ರೂ ಬಿಗಿ ಮಾಡಿಸಿ ಎಂದೂ ಹೇಳಿದೆ. ಅವರು ಒಪ್ಪಿದರು. ಆದರೆ ಮಂಟಪ ಏರಿಸುವ ಮೊದಲು ಜಂಗಮರನ್ನು ಕರೆಸಿ ರುದ್ರಾಭಿಷೇಕ ಮಾಡಿಸಲೇಬೇಕು ಎಂದರು. "ನೀ ಗ್ವಾಡಿ ಗಟ್ಟಿ ಮಾಡಿದಿ, ನನ್ನ ಮನಸ್ಸು ಇನ್ನೂ ಅಲ್ಲಾಡಾಕತ್ತೈತಿ" ಎಂದರು. ನಾನು ಬೇಡ ಎನ್ನಲಿಲ್ಲ. ಅಭಿಷೇಕ ಮುಗಿಯುವವರೆಗೆ ಡ್ರಿಲ್ಲನ್ನು ಬದಿಗಿಟ್ಟು ಕಾದೆ, ಆಮೇಲೆ ಮಂಟಪ ಏರಿಸಿದೆವು.