ಐದೇ ಅಕ್ಷರದ ನಿಯಮ

ಶಾಲೆಯಲ್ಲಿ ಕನ್ನಡ ಓದಿದವರಿಗೆ ಯಣ್ ಸಂಧಿ ಗೊತ್ತು. ಅತಿ, ಅಂತ ಸೇರಿ ‘ಅತ್ಯಂತ’. ಮನು, ಅಂತರ ಸೇರಿ ‘ಮನ್ವಂತರ’. ಈ ‘ಯಣ್’ ಸಂಸ್ಕೃತ ವೈಯಾಕರಣ ಪಾಣಿನಿ ಬಳಸಿದ ಹೆಸರು. ಮುಂದೆ ಸ್ವರ ಬಂದರೆ ಇ, ಉ, ಋ, ಌಗಳ ಜಾಗದಲ್ಲಿ ಕ್ರಮವಾಗಿ ಯ, ವ, ರ, ಲ ಬರುತ್ತವೆ ಎಂಬಿಷ್ಟನ್ನು ಅವನು ಮೂರು ಪದ, ಐದೇ ಅಕ್ಷರಗಳ ಸೂತ್ರದಲ್ಲಿ ಹೇಳಿ ಮುಗಿಸಿದ: ‘ಇಕೋ ಯಣಚಿ’.

ಆ ಸೂತ್ರದಲ್ಲಿ ಕ್ರಿಯಾಪದವೇ ಇಲ್ಲ. ನಾಲ್ಕು ಸ್ವರಗಳಿಗೆ ‘ಇಕ್’, ಅವುಗಳ ಜಾಗಕ್ಕೆ ಬರುವ ವ್ಯಂಜನಗಳಿಗೆ ‘ಯಣ್’, ಸ್ವರಗಳೆಲ್ಲಕ್ಕೂ ಒಟ್ಟಾಗಿ ‘ಅಚ್’. ಇವೆಲ್ಲ ವರ್ಣಗಳನ್ನು ಜೋಡಿಸಿಟ್ಟ 14 ಮಾಹೇಶ್ವರ ಸೂತ್ರಗಳಿಂದ ಕೂಡಿಸಿಕೊಂಡ ಹೆಸರುಗಳು. ಷಷ್ಠೀ ವಿಭಕ್ತಿಯಿದ್ದರೆ ‘ಅದರ ಜಾಗದಲ್ಲಿ’, ಸಪ್ತಮಿಯಿದ್ದರೆ ‘ಅದು ಮುಂದಿರುವಾಗ’ ಎಂದು ತಿಳಿಯಬೇಕೆಂಬುದನ್ನು ಪಾಣಿನಿ ತನ್ನ ಅಷ್ಟಾಧ್ಯಾಯಿಯ ಮೊದಲ ಅಧ್ಯಾಯದಲ್ಲೇ ಹೇಳಿಟ್ಟಿದ್ದಾನೆ. ಒಮ್ಮೆ ಬಂದ ಪದವನ್ನು ಮುಂದಿನ ಸೂತ್ರದಲ್ಲಿ ಮತ್ತೆ ಹೇಳುವುದಿಲ್ಲ. ಓದುವವನೇ ಹಿಂದಿನಿಂದ ತಂದುಕೊಳ್ಳಬೇಕು. ಇದು ಅನುವೃತ್ತಿ. ಅಷ್ಟಾಧ್ಯಾಯಿಯ ಸುಮಾರು 4,000 ಸೂತ್ರಗಳು ನಡೆಯುವುದೇ ಹೀಗೆ.

ಈ ಅಡಕವನ್ನು ಶಾಸ್ತ್ರಕಾರರು ಲಾಘವ ಎಂದರು. ಅರ್ಧ ಮಾತ್ರೆ ಉಳಿಸಿದರೂ ವೈಯಾಕರಣರಿಗೆ ಮಗ ಹುಟ್ಟಿದಷ್ಟು ಸಂತೋಷ ಎಂಬ ಮಾತು ಪ್ರಸಿದ್ಧವೇ. ಹಾಗೆಂದು ಲಾಘವವೆಂದರೆ ಬರೀ ಅಕ್ಷರದ ಉಳಿತಾಯವಲ್ಲ. ಸೂತ್ರದ ಲಕ್ಷಣ ಹೇಳುವಾಗ ‘ಅಲ್ಪಾಕ್ಷರ’ದ ಬೆನ್ನಿಗೇ ‘ಅಸಂದಿಗ್ಧ’ ಬರುತ್ತದೆ. ಬಿಟ್ಟದ್ದನ್ನು ಕೇಳುವವನು ಅನುಮಾನವಿಲ್ಲದೆ ತುಂಬಿಕೊಳ್ಳುವಂತಿದ್ದರೆ ಮಾತ್ರ ಬಿಡಬಹುದು.

ತರ್ಕಶಾಸ್ತ್ರದ ನವ್ಯನೈಯಾಯಿಕರು ಲಾಘವವನ್ನು ಇನ್ನೂ ಮುಂದಕ್ಕೆ ಒಯ್ದರು. ಅವರಲ್ಲಿ ಲಾಘವ ಮೂರು ಬಗೆ: ಶರೀರದ್ದು, ಉಪಸ್ಥಿತಿಯದು, ಸಂಬಂಧದ್ದು. ರೂಪ ಚಿಕ್ಕದಾಗಿದ್ದರೆ ಸಾಲದು, ಮನಸ್ಸಿಗೆ ಬೇಗ ಹೊಳೆಯಬೇಕು, ನಡುವಿನ ನಂಟೂ ನೇರವಾಗಿರಬೇಕು. ಜಗತ್ತಿಗೆ ಕರ್ತೃವಿದ್ದಾನೆಂದು ಒಪ್ಪಿದ ಮೇಲೆ, ಹಲವರನ್ನು ಕಲ್ಪಿಸುವ ಬದಲು ಒಬ್ಬನೇ ಸಾಕು ಎನ್ನುವುದಕ್ಕೂ ನೈಯಾಯಿಕರು ಲಾಘವವನ್ನೇ ಮುಂದಿಟ್ಟರು.

ಅಡಕದ ಮಾತಿಗೆ ಅಪಾಯವೂ ಉಂಟು. ಬಾದರಾಯಣರ ಬ್ರಹ್ಮಸೂತ್ರದ ಮೊದಲ ಪದ ‘ಅಥ’. ಎರಡಕ್ಷರ. ವಿವೇಕ, ವೈರಾಗ್ಯ ಮೊದಲಾದ ಸಾಧನಗಳು ಕೈಗೂಡಿದ ಅನಂತರ ಎಂದು ಶಂಕರರು. ಕರ್ಮದ ವಿಚಾರ ಮುಗಿದ ಅನಂತರ ಎಂದು ರಾಮಾನುಜರು. ಮಧ್ವರು ಅದರಲ್ಲಿ ಮಂಗಳವನ್ನೂ ಕಂಡರು, ಅಧಿಕಾರ ಪಡೆದ ಅನಂತರ ಎಂಬ ಅರ್ಥವನ್ನೂ ಹೇಳಿದರು. ಬ್ರಹ್ಮವಿಚಾರಕ್ಕೆ ಇಳಿಯುವ ಮೊದಲು ಕರ್ಮವಿಚಾರ ಬೇಕೇ ಬೇಡವೇ ಎಂಬ ದೊಡ್ಡ ವಾದವೇ ಇಲ್ಲಿಂದ ಹೊರಟಿತು. ಬಿಟ್ಟದ್ದನ್ನು ತುಂಬುವ ನಿಯಮವನ್ನು ಪಾಣಿನಿ ಗ್ರಂಥದೊಳಗೇ ಕೊಟ್ಟಿದ್ದ. ಬಾದರಾಯಣರ ಸೂತ್ರಗಳಲ್ಲಿ ಆ ಕೆಲಸ ಭಾಷ್ಯಕಾರರ ಪಾಲಿಗೆ ಬಂತು.

ಕನ್ನಡಕ್ಕೇ ಸಂಸ್ಕೃತ ಸೂತ್ರಗಳಲ್ಲಿ ವ್ಯಾಕರಣ ಬರೆದ ಭಟ್ಟಾಕಳಂಕ ಈ ಕೆಲಸವನ್ನು ಬೇರೆಯವರಿಗೆ ಬಿಡಲಿಲ್ಲ. 1604ರಲ್ಲಿ ಪೂರ್ಣಗೊಂಡ ಅವನ ‘ಕರ್ಣಾಟಕ ಶಬ್ದಾನುಶಾಸನ’ದಲ್ಲಿ 592 ಸೂತ್ರಗಳಿವೆ. ಅವಕ್ಕೆ ‘ಭಾಷಾಮಂಜರಿ’ ಎಂಬ ವೃತ್ತಿಯನ್ನೂ, ಆ ವೃತ್ತಿಗೆ ‘ಮಂಜರೀಮಕರಂದ’ ಎಂಬ ವ್ಯಾಖ್ಯಾನವನ್ನೂ ಅವನೇ ಬರೆದ.