ಪಿತ್ರಾರ್ಜಿತವಾದ ಅರಿವು

ರೋಗಿಯ ಗುಟ್ಟನ್ನು ವೈದ್ಯನು ಹೊರಗೆಡಹಬಾರದೆಂಬುದು ಬಹು ಪ್ರಾಚೀನವಾದ ಧರ್ಮ. ನಾಡಿಯನ್ನು ಹಿಡಿದ ಕೈಗೆ ಬಾಯಿಲ್ಲವೆಂಬ ನಂಬಿಕೆಯಿಂದಲೇ ರೋಗಿಯು ತನ್ನ ಸಂಕಟವನ್ನು ನಿಸ್ಸಂಕೋಚವಾಗಿ ಹೇಳಿಕೊಳ್ಳುತ್ತಾನೆ. ಆದರೆ ಒಬ್ಬನ ದೇಹವನ್ನು ಪರೀಕ್ಷಿಸಿದಾಗ ದೊರೆತ ಸಂಗತಿಯು, ಪರೀಕ್ಷೆಗೆ ಬಾರದೆ ಇರುವ ಅವನ ಮಕ್ಕಳಿಗೂ ಒಡಹುಟ್ಟಿದವರಿಗೂ ಸಂಬಂಧಪಟ್ಟುದಾದರೆ, ಆಗಲೂ ಅದು ಅವನೊಬ್ಬನ ಗುಟ್ಟೇ? ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ವಂಶವಾಹಿಗಳ ದೋಷವನ್ನು ಕಂಡುಹಿಡಿಯುವ ವಿದ್ಯೆಯು ಬೆಳೆದಂತೆಲ್ಲ ಈ ಪ್ರಶ್ನೆಯು ಪಂಡಿತರ ಚರ್ಚೆಯಿಂದಿಳಿದು ಸಂಸಾರಿಗಳ ಪ್ರಶ್ನೆಯಾಗುತ್ತಿದೆ.

ಮೊದಲು ಆ ದೋಷದ ಸ್ವರೂಪವನ್ನು ತಿಳಿಯುವುದು ಅವಶ್ಯಕ. ಜೀವಕೋಶವು ಮನಬಂದಂತೆ ಬೆಳೆಯತಕ್ಕದ್ದಲ್ಲ. ಬೆಳೆಯೆಂಬ ಆಜ್ಞೆಯು ಅದರ ಹೊರಪೊರೆಯ ಗ್ರಾಹಕವನ್ನು ಮುಟ್ಟಿ, ಹಿಂದಿನ ಕಾಲದ ಅಂಚೆಯ ಹರಿಕಾರರು ಓಲೆಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದಂತೆ, ಒಂದು ಪ್ರೋಟೀನಿನಿಂದ ಮತ್ತೊಂದಕ್ಕೆ ದಾಟಿ, ಕೊನೆಗೆ ಕೋಶಕೇಂದ್ರವನ್ನು ಸೇರುವುದು. ಈ ದಾರಿಗಳಿಗೆ ಸಂಕೇತಮಾರ್ಗಗಳೆಂದು ಹೆಸರು. ಅಂಥದೊಂದು ಮಾರ್ಗದ ನಡುವೆ ಕೆ-ರಾಸ್ ಎಂಬ ಪ್ರೋಟೀನಿದೆ. ಆಜ್ಞೆ ಬಂದಾಗ ಎಚ್ಚರಗೊಂಡು, ಸುದ್ದಿಯನ್ನು ಮುಂದಕ್ಕೆ ಕಳುಹಿಸಿ, ಮತ್ತೆ ಸುಮ್ಮನಾಗುವುದು ಅದರ ಸಹಜಧರ್ಮ. ಅದನ್ನು ನಿರ್ಮಿಸುವ ವಂಶವಾಹಿಯಲ್ಲಿ ಆಯಕಟ್ಟಿನ ಒಂದು ಅಕ್ಷರವು ತಪ್ಪಿದರೂ ಅದು ಸುಮ್ಮನಾಗುವುದನ್ನು ಮರೆತು, ಯಾರೂ ಕಳುಹಿಸದ ಆಜ್ಞೆಯನ್ನು ಸದಾ ಸಾರುತ್ತಿರುವುದು. ಇನ್ನೊಂದು ಮಾರ್ಗದಲ್ಲಿ ಎ.ಪಿ.ಸಿ. ಎಂಬುದು ಕಾವಲಿನ ಕೆಲಸ ಮಾಡುತ್ತದೆ. ಬೀಟಾ-ಕೆಟೆನಿನ್ ಎಂಬ ಪ್ರೋಟೀನು ಮಿತಿಮೀರಿ ಹೆಚ್ಚದಂತೆ ಅದನ್ನು ನಾಶಪಡಿಸಲು ನೆರವಾಗುವುದೇ ಆ ಕಾವಲು. ಅದು ಮುರಿದರೆ ಬೀಟಾ-ಕೆಟೆನಿನ್ ಕೋಶಕೇಂದ್ರವನ್ನು ಹೊಕ್ಕು ಬೆಳವಣಿಗೆಯನ್ನು ಕೆರಳಿಸುವುದು. ಕರುಳಿನ ಒಳಪದರದಲ್ಲಿ ಪಾಲಿಪ್ ಎಂಬ ಸಣ್ಣ ಗಂಟು ಹುಟ್ಟಿ, ದೋಷದ ಮೇಲೆ ದೋಷ ಸೇರುತ್ತ, ವರ್ಷಾಂತರದಲ್ಲಿ ಅದು ಕ್ಯಾನ್ಸರಾಗುವ ಕ್ರಮವನ್ನು ಅಮೇರಿಕದ ಫಿಯರನ್, ವೋಗೆಲ್‌ಸ್ಟೈನ್ ಎಂಬ ವಿಜ್ಞಾನಿಗಳು ೧೯೯೦ರಲ್ಲಿ ನಿರೂಪಿಸಿದರು.

ಇಂಥ ದೋಷಗಳು ಎರಡು ಬಗೆಯಾಗಿ ಬರುತ್ತವೆ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನ ಸಂಪ್ರದಾಯದಲ್ಲಿ ಸ್ವತ್ತಿಗೆ ಸ್ವಾರ್ಜಿತ, ಪಿತ್ರಾರ್ಜಿತ ಎಂಬ ಭೇದವುಂಟಷ್ಟೆ. ಈ ದೋಷಗಳಿಗೂ ಅದೇ ಭೇದವು ಸಲ್ಲುತ್ತದೆ. ಬಾಳಿನ ನಡುವೆ ಕರುಳಿನ ಯಾವುದೋ ಒಂದು ಕೋಶದಲ್ಲಿ ಹುಟ್ಟಿ, ಗಡ್ಡೆಯಲ್ಲಿ ಮಾತ್ರ ಕಾಣಬರುವ ದೋಷವು ಸ್ವಾರ್ಜಿತ. ತಂದೆಯಿಂದಲೋ ತಾಯಿಯಿಂದಲೋ ಬಂದು ದೇಹದ ಕೋಶಕೋಶದಲ್ಲಿಯೂ ಇರುವ ದೋಷವು ಪಿತ್ರಾರ್ಜಿತ. ಗಡ್ಡೆಯ ಚೂರನ್ನು ಪರೀಕ್ಷಿಸಿದರೆ ಮೊದಲನೆಯದು ತಿಳಿಯುವುದು. ಎರಡನೆಯದನ್ನು ನಿಶ್ಚಯಿಸಲು ಒಂದಿಷ್ಟು ರಕ್ತವೇ ಸಾಕು.

ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು ೪೦ರಲ್ಲಿ ಕೆ-ರಾಸ್ ದೋಷವು ಕಂಡುಬರುತ್ತದೆ. ಇದು ಸಾಮಾನ್ಯವಾಗಿ ಸ್ವಾರ್ಜಿತ. ಹೊರಪೊರೆಯ ಗ್ರಾಹಕವನ್ನು ತಡೆಯುವ ಸೆಟುಕ್ಸಿಮ್ಯಾಬ್ ಎಂಬ ಔಷಧವು ಇಂಥವರಿಗೆ ಪ್ರಯೋಜನಕ್ಕೆ ಬಾರದೆಂದು ೨೦೦೮ರ ಹೊತ್ತಿಗೆ ಸಿದ್ಧವಾಯಿತು. ಬಾಗಿಲನ್ನು ಮುಚ್ಚಿದರೇನು, ಕೂಗುವವನು ಒಳಗೇ ಇದ್ದಾನೆ! ಈ ದೋಷದ ಒಂದು ಪ್ರಭೇದಕ್ಕೆ ಈಚೆಗೆ ಬೇರೆ ಮದ್ದುಗಳು ಬಂದಿವೆ. ಈ ಔಷಧವು ನಿನಗೆ ಹತ್ತದೆಂಬ ಮಾತು ಕಠೋರವಾದರೂ, ವ್ಯರ್ಥವಾದ ಹಿಂಸೆಯಿಂದಲೂ ವೆಚ್ಚದಿಂದಲೂ ಅದು ರೋಗಿಯನ್ನು ಪಾರುಮಾಡುವುದು. ಈ ಅರಿವು ಅವನ ಸ್ವಂತದ್ದು. ಅದನ್ನು ಹೇಳುವುದಕ್ಕೂ ಬಚ್ಚಿಡುವುದಕ್ಕೂ ಅವನು ಸ್ವತಂತ್ರನು.

ಎ.ಪಿ.ಸಿ. ದೋಷದ ಮಾತು ಹಾಗಲ್ಲ. ಅದೂ ಬಹುಮಂದಿಯಲ್ಲಿ ಸ್ವಾರ್ಜಿತವೇ. ಆದರೆ ಕೆಲವು ಮನೆತನಗಳಲ್ಲಿ ಅದು ಹುಟ್ಟಿನೊಡನೆ ಬರುವುದು. ೧೯೯೧ರಲ್ಲಿ ಈ ವಂಶವಾಹಿಯು ಗುರುತಿಗೆ ಸಿಕ್ಕಿತು. ಅದರ ದೋಷವನ್ನು ಪಡೆದು ಹುಟ್ಟಿದವರಿಗೆ ಎಳೆಯ ಪ್ರಾಯದಲ್ಲಿಯೇ ಕರುಳಿನಲ್ಲಿ ನೂರಾರು ಗಂಟುಗಳು ಏಳತೊಡಗುತ್ತವೆ. ಚಿಕಿತ್ಸೆಯಿಲ್ಲದಿದ್ದರೆ ನಡುವಯಸ್ಸಿನೊಳಗಾಗಿ ಕ್ಯಾನ್ಸರು ಬಹುಮಟ್ಟಿಗೆ ನಿಶ್ಚಯ. ಒಂದೊಂದು ಮಗುವಿಗೂ ಅದು ಬರುವ ಸಂಭವವು ಎರಡರಲ್ಲಿ ಒಂದು ಪಾಲು. ಆದರೆ ಹತ್ತು ಹನ್ನೆರಡನೆಯ ವಯಸ್ಸಿನಿಂದಲೇ ಕರುಳನ್ನು ದರ್ಶಕನಳಿಗೆಯಿಂದ ನೋಡುತ್ತ ಬಂದು, ತಕ್ಕ ಕಾಲದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿದರೆ ಆಯುಷ್ಯವನ್ನು ಉಳಿಸಿಕೊಳ್ಳಬಹುದು. ಇಲ್ಲಿ ತಿಳಿದಿರುವುದಕ್ಕೂ ತಿಳಿಯದಿರುವುದಕ್ಕೂ ನಡುವಣ ಅಂತರವು ಒಂದು ಜೀವ.

ಅಮೇರಿಕದ ನ್ಯೂ ಜೆರ್ಸಿಯಲ್ಲಿ ನಡೆದ ಒಂದು ವ್ಯಾಜ್ಯವು ಇದಕ್ಕೆ ನಿದರ್ಶನವಾಗಿದೆ. ಇಂಥ ಗಂಟುಗಳ ವ್ಯಾಧಿಯಿಂದ ಕ್ಯಾನ್ಸರಾಗಿ ಒಬ್ಬನು ೧೯೬೪ರಲ್ಲಿ ತೀರಿಕೊಂಡನು. ಆಗ ಅವನ ಮಗಳಿಗೆ ಹತ್ತು ವರ್ಷ. ೧೯೯೦ರಲ್ಲಿ ಅವಳಲ್ಲಿಯೂ ಅದೇ ವ್ಯಾಧಿಯು ಕ್ಯಾನ್ಸರಿನೊಡನೆ ಕಾಣಿಸಿಕೊಂಡಿತು. ತಂದೆಯ ವೈದ್ಯನು ಅಂದೇ ಎಚ್ಚರಿಸಬೇಕಾಗಿತ್ತೆಂದು ಅವಳು ನ್ಯಾಯಾಲಯಕ್ಕೆ ಹೋದಳು. ಮಗಳು ಆ ವೈದ್ಯನ ರೋಗಿಯಲ್ಲವಾದುದರಿಂದ ಅಂಥ ಹೊಣೆಯಿಲ್ಲವೆಂದು ಕೆಳಗಿನ ನ್ಯಾಯಾಲಯವು ದಾವೆಯನ್ನು ತಳ್ಳಿಹಾಕಿತು. ೧೯೯೬ರಲ್ಲಿ ಮೇಲಣ ನ್ಯಾಯಾಲಯವು ಆ ತೀರ್ಪನ್ನು ಬದಿಗಿರಿಸಿ, ತಪ್ಪಿಸಬಹುದಾದ ವಂಶಪಾರಂಪರ್ಯ ರೋಗದ ಅಪಾಯದಲ್ಲಿರುವವರನ್ನು ಎಚ್ಚರಿಸುವ ಹೊಣೆಯು ವೈದ್ಯನಿಗುಂಟೆಂದು ಹೇಳಿತು. ಆದರೆ ರೋಗಿಯೇ ಹೇಳಬೇಡವೆಂದರೆ ಏನು ಮಾಡತಕ್ಕದ್ದೆಂಬ ಪ್ರಶ್ನೆಯನ್ನು ಅದು ಪೂರ್ಣವಾಗಿ ಬಗೆಹರಿಸಲಿಲ್ಲ. ತೊಡಕಿರುವುದೇ ಅಲ್ಲಿ.

ಬೇಡವೆನ್ನುವವನನ್ನು ಕಟುಕನೆನ್ನಲಾಗದು. ಮನೆತನದಲ್ಲಿ ರೋಗವಿದೆಯೆಂದು ನಾಲ್ಕು ಜನಕ್ಕೆ ತಿಳಿದರೆ ಮಗಳಿಗೆ ಸಂಬಂಧ ಕೂಡಿಬರುವುದೆ ಎಂದು ತಾಯಿಯು ಅಂಜುತ್ತಾಳೆ. ತನ್ನಿಂದಲೇ ಮಗನಿಗೆ ಈ ಪಾಡು ಬಂದಿತೆಂಬ ಕೊರಗು ತಂದೆಯ ನಾಲಗೆಯನ್ನು ಕಟ್ಟುತ್ತದೆ. ಗುಟ್ಟು ಉಳಿಯದೆಂಬ ಭಯ ಹುಟ್ಟಿದರೆ ಜನರು ಪರೀಕ್ಷೆಗೇ ಬಾರದೆ ಹೋಗಬಹುದು. ಆಗ ತಿಳಿಸತಕ್ಕ ಸಂಗತಿಯೇ ಇಲ್ಲದಾಗುವುದು. ಈ ಆಕ್ಷೇಪಗಳು ಹಗುರವಾದವುಗಳಲ್ಲ.

ಆದರೂ ಮಿತಾಕ್ಷರೆಯ ನ್ಯಾಯವನ್ನು ಇನ್ನೊಮ್ಮೆ ನೋಡಬೇಕು. ಪಿತ್ರಾರ್ಜಿತದಲ್ಲಿ ಮಗನಿಗೆ ಹಕ್ಕು ಬರುವುದು ತಂದೆಯು ಕೊಟ್ಟುದರಿಂದಲ್ಲ, ಹುಟ್ಟಿದುದರಿಂದ. ಆದಕಾರಣ ತಂದೆಯೊಬ್ಬನೇ ಅದನ್ನು ಇಚ್ಛೆಬಂದಂತೆ ಪರಭಾರೆ ಮಾಡಲಾರನು. ದೋಷವು ಹುಟ್ಟಿನಿಂದ ಬಂದುದಾದರೆ ಅದರ ಅರಿವಿನ ಹಕ್ಕೂ ಹುಟ್ಟಿನಿಂದಲೇ ಬಂದುದು. ಹೆಣ್ಣುಮಕ್ಕಳಿಗೆ ಜನ್ಮಸಿದ್ಧವಾದ ಸಮಭಾಗವನ್ನು ಭಾರತದ ಶಾಸನವು ೨೦೦೫ರಲ್ಲಿ ಕೊಟ್ಟಿತು. ಈ ಕೆಟ್ಟ ಸ್ವತ್ತಿನಲ್ಲಿ ಪ್ರಕೃತಿಯು ಅವರಿಗೆ ಮೊದಲಿನಿಂದಲೂ ಸಮಭಾಗವನ್ನೇ ಕೊಟ್ಟಿದೆ. ಮದುವೆಯ ಅಂಜಿಕೆಯಿಂದ ಮಗಳಿಗೇ ಹೇಳದಿರುವುದೆಂದರೆ, ಅವಳ ಬಾಳನ್ನು ಕಾಯುವ ನೆಪದಲ್ಲಿ ಅವಳ ಪಾಲನ್ನೇ ಅಪಹರಿಸಿದಂತೆ.

ಹಕ್ಕು ಬೇರೆ, ಬಲವಂತ ಬೇರೆ. ತನಗೆ ಪಾಲು ಬೇಡವೆನ್ನುವ ಸ್ವಾತಂತ್ರ್ಯವು ಭಾಗಸ್ಥನಿಗುಂಟು. ಅಪಾಯವಿದೆ, ಪರೀಕ್ಷೆಯಿದೆ, ಪರಿಹಾರವಿದೆ ಎಂದು ತಿಳಿಸುವವರೆಗೆ ಬಂಧುಧರ್ಮ. ಪರೀಕ್ಷೆಗೆ ಒಳಗಾಗುವುದು ಬಿಡುವುದು ಪ್ರಾಯಕ್ಕೆ ಬಂದವರ ಇಚ್ಛೆ. ಎಳೆಯ ಮಕ್ಕಳ ವಿಷಯದಲ್ಲಾದರೋ ಹಿರಿಯರು ಕಾಯುತ್ತ ಕೂಡುವಂತಿಲ್ಲ, ಏಕೆಂದರೆ ರೋಗವು ಅವರ ಪ್ರಾಯವನ್ನು ಕಾಯುವುದಿಲ್ಲ. ಪರಿಹಾರವೇ ಇಲ್ಲದ ರೋಗವಾಗಿದ್ದರೆ ಮೌನಕ್ಕೂ ಒಂದು ಕರುಣೆಯಿರಬಹುದಾಗಿತ್ತು. ಇಲ್ಲಿ ಅದಕ್ಕೆ ಎಡೆಯಿಲ್ಲ.

ಇನ್ನು ವೈದ್ಯನು ಮಾಡತಕ್ಕದ್ದೇನು? ರಕ್ತವನ್ನು ತೆಗೆಯುವ ಮೊದಲೇ, ಸಿಕ್ಕುವ ಉತ್ತರವು ನಿನ್ನೊಬ್ಬನದಲ್ಲವೆಂದು ರೋಗಿಗೆ ತಿಳಿಯಹೇಳಿ ಅವನ ಒಪ್ಪಿಗೆಯನ್ನು ಪಡೆಯುವುದು ಲೇಸು. ಆಗ ಮುಂದೆ ಮಾತು ತಪ್ಪಿದಂತಾಗದು. ಹೇಳುವ ಕೆಲಸವು ಮೊದಲು ರೋಗಿಯದೇ. ಬಂಧುಗಳ ಕೈಗೆ ಕೊಡತಕ್ಕ ಒಂದು ಪತ್ರವನ್ನು ಬರೆದುಕೊಟ್ಟು ವೈದ್ಯನು ಅದನ್ನು ಸುಲಭಗೊಳಿಸಬಹುದು. ಎಷ್ಟು ತಿಳಿಹೇಳಿದರೂ ಕೇಳದೆ, ಅರಿಯದವರನ್ನು ಮರಣದ ದಾರಿಯಲ್ಲಿ ಬಿಡುವವನ ಮುಂದೆ ಮಾತ್ರ ಮೌನವ್ರತವು ಸಡಿಲಬೇಕು. ಆಗಲೂ ಪ್ರಾಣವನ್ನುಳಿಸಲು ಬೇಕಾದಷ್ಟೇ ಮಾತು, ಅದಕ್ಕಿಂತ ಹೆಚ್ಚಿಲ್ಲ.

ತಂದೆಯ ಸಾಲವನ್ನು ಮಗನು ತೀರಿಸುವುದು ಲೋಕದ ರೂಢಿ. ಇಲ್ಲಿ ಮಾತ್ರ ತಂದೆಯೇ ಮಗನಿಗೆ ಸಾಲಗಾರನಾಗಿದ್ದಾನೆ. ದೋಷವನ್ನು ಅವನು ಬೇಕೆಂದು ಕೊಟ್ಟುದಲ್ಲ; ಆದುದರಿಂದ ಅದಕ್ಕಾಗಿ ನಾಚಬೇಕಾದುದಿಲ್ಲ. ಎಚ್ಚರಿಕೆಯ ಮಾತೊಂದನ್ನು ಕೊಡುವುದು ಮಾತ್ರ ಅವನ ಕೈಯಲ್ಲಿದೆ. ಅದನ್ನು ಕೊಡದೆ ಹೋದರೆ ನಾಚಿಕೆಯು ಅಲ್ಲಿಂದ ಮೊದಲಾಗುವುದು.